ಮೆಡಿಕಲ್ ಕಾಲೇಜು ಆರಿಸುವ ಮೊದಲು ಅದರ ಆಸ್ಪತ್ರೆ ನೋಡಿ

1909ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಅಮೆರಿಕದ ಡೆಸ್ ಮೊಯಿನ್ ನಗರದಲ್ಲಿ ವೈದ್ಯ ಶಿಕ್ಷಣದ ಒಂದು ಕಾಲೇಜು ನೋಡಲು ಹೋದರು. ಡೀನ್ ಅವರೇ ಜೊತೆಯಲ್ಲಿ ನಿಂತು ಕಟ್ಟಡ ತೋರಿಸಿದರು. ಒಂದು ಬಾಗಿಲ ಮೇಲೆ ಅನಾಟಮಿ ಅಂತ ಬರೆದಿತ್ತು, ಇನ್ನೊಂದರ ಮೇಲೆ ಫಿಸಿಯಾಲಜಿ, ಮತ್ತೊಂದರ ಮೇಲೆ ಪೆಥಾಲಜಿ. ಎಲ್ಲಕ್ಕೂ ಬೀಗ. ಕೀಲಿ ಇಟ್ಟುಕೊಂಡಿದ್ದ ಜವಾನ ಎಲ್ಲೂ ಸಿಗಲಿಲ್ಲ. ಫ್ಲೆಕ್ಸ್‌ನರ್ ಆಯಿತು ಅಂದು ಹೊರಟರು. ಡೀನ್ ಅತ್ತ ಹೋದ ಮೇಲೆ ಒಬ್ಬರೇ ವಾಪಸ್ ಬಂದು, ಜವಾನನನ್ನು ಹುಡುಕಿ, ಅವನ ಕೈಗೆ ದುಡ್ಡು ಕೊಟ್ಟು ಬಾಗಿಲು ತೆಗೆಸಿದರು. ಎಲ್ಲ ಕೋಣೆಗಳಲ್ಲೂ ಇದ್ದದ್ದು ಒಂದು ಮೇಜು, ಒಂದು ಚಿಕ್ಕ ಕರಿಹಲಗೆ, ಒಂದಷ್ಟು ಕುರ್ಚಿ. ಉಪಕರಣ ಅನ್ನುವಂಥದ್ದು ಒಂದೂ ಇರಲಿಲ್ಲ.

ಫ್ಲೆಕ್ಸ್‌ನರ್ ಡಾಕ್ಟರ್ ಅಲ್ಲ. ಶಾಲೆಯಲ್ಲಿ ಪಾಠ ಹೇಳಿದವರು, ಶಾಲೆ ನಡೆಸಿದವರು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ಕಾಲೇಜುಗಳನ್ನು ನೋಡಿ 1910ರಲ್ಲಿ ವರದಿ ಕೊಟ್ಟರು. ಮುಂದಿನ ಹತ್ತಾರು ವರ್ಷಗಳಲ್ಲಿ ಬಹಳಷ್ಟು ಕಾಲೇಜುಗಳು ಮುಚ್ಚಿದವು, ಕೆಲವು ಬೇರೆಯವುಗಳ ಜೊತೆ ಸೇರಿಕೊಂಡವು. ಅವರು ಹೋದ ಕಡೆಯೆಲ್ಲ ಕೇಳುತ್ತಿದ್ದದ್ದು ಐದೇ ವಿಷಯ. ಯಾರನ್ನು ಸೇರಿಸಿಕೊಳ್ಳುತ್ತೀರಿ? ಪಾಠ ಮಾಡುವವರು ಎಷ್ಟು ಜನ, ಅವರೇನು ಕಲಿತಿದ್ದಾರೆ? ಹಣ ಎಲ್ಲಿಂದ ಬರುತ್ತದೆ? ಲ್ಯಾಬ್ ಹೇಗಿದೆ? ಆಸ್ಪತ್ರೆಗೂ ಕಾಲೇಜಿಗೂ ಏನು ಸಂಬಂಧ?

ಇವತ್ತು ಸೀಟಿಗೆ ಅರ್ಜಿ ಹಾಕುವವರಿಗೂ ಇದಕ್ಕಿಂತ ಒಳ್ಳೆಯ ಪ್ರಶ್ನೆಗಳು ಸಿಗುವುದು ಕಷ್ಟ. ಅದರಲ್ಲೂ ಕೊನೆಯದು. ಮೆಡಿಕಲ್ ಕಾಲೇಜು ಅಂದರೆ ನನ್ನ ಲೆಕ್ಕದಲ್ಲಿ ಮೊದಲು ಒಂದು ಆಸ್ಪತ್ರೆ. ಅಲ್ಲಿ ನಿಮ್ಮನ್ನು ರೋಗಿಯ ಹತ್ತಿರ ಬಿಡುತ್ತಾರಾ, ನೀವು ಮಾಡುವುದನ್ನು ಯಾರಾದರೂ ನಿಂತು ನೋಡಿ ತಿದ್ದುತ್ತಾರಾ, ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹೊಸ ಕಟ್ಟಡ, ಹೆಸರು, ಪಟ್ಟಿಯಲ್ಲಿನ ಸ್ಥಾನ ಎಲ್ಲ ಆಮೇಲೆ.

ರ್‍ಯಾಂಕಿಂಗ್ ಏನನ್ನು ಅಳೆಯುತ್ತದೆ?

ಹೆಚ್ಚಿನವರು ಶುರು ಮಾಡುವುದೇ ರ್‍ಯಾಂಕಿಂಗ್ ಪಟ್ಟಿಯಿಂದ. ತಪ್ಪೇನಿಲ್ಲ, ಆದರೆ ಆ ಅಂಕ ಎಲ್ಲಿಂದ ಬಂತು ಅಂತ ಒಮ್ಮೆ ನೋಡಬೇಕು. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿಯಲ್ಲಿ ದೊಡ್ಡ ಪಾಲು ಇರುವುದು ಬೇರೆ ಪ್ರಾಧ್ಯಾಪಕರು ಆ ಸಂಸ್ಥೆಯ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ ಮತ್ತು ಅಲ್ಲಿಂದ ಬಂದ ಸಂಶೋಧನಾ ಲೇಖನಗಳನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅನ್ನುವುದಕ್ಕೆ. ಅಮೆರಿಕದ ಯುಎಸ್ ನ್ಯೂಸ್ ಪತ್ರಿಕೆ ಬಹಳ ವರ್ಷ ಲೆಕ್ಕ ಹಾಕಿದ್ದು ಸಂಶೋಧನೆಗೆ ಬಂದ ಸರ್ಕಾರಿ ಅನುದಾನ, ಡೀನ್‌ಗಳ ಅಭಿಪ್ರಾಯ, ಸೇರಿದ ವಿದ್ಯಾರ್ಥಿಗಳ ಪ್ರವೇಶ ಪರೀಕ್ಷೆಯ ಅಂಕ, ಇಂಥವನ್ನು. ಮೂರನೇ ವರ್ಷದ ವಿದ್ಯಾರ್ಥಿಗೆ ಎದೆಬಡಿತ ಕೇಳಲು ಯಾರಾದರೂ ಕಲಿಸಿದರಾ ಅನ್ನುವುದು ಇದರಲ್ಲಿ ಎಲ್ಲೂ ಇಲ್ಲ.

2023ರ ಜನವರಿಯಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜು ಯುಎಸ್ ನ್ಯೂಸ್ ಪಟ್ಟಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಸ್ಟ್ಯಾನ್‌ಫರ್ಡ್, ಕೊಲಂಬಿಯಾ ಮುಂತಾದವು ಅದರ ಹಿಂದೆಯೇ ಹೊರಬಂದವು. 2024ರಲ್ಲಿ ಯುಎಸ್ ನ್ಯೂಸ್ ಒಂದು, ಎರಡು, ಮೂರು ಅಂತ ಸ್ಥಾನ ಕೊಡುವುದನ್ನೇ ಬಿಟ್ಟು, ಕಾಲೇಜುಗಳನ್ನು ದೊಡ್ಡ ಗುಂಪುಗಳಾಗಿ ತೋರಿಸಲು ಶುರು ಮಾಡಿತು. ಮೇಲಿನ ಸ್ಥಾನದಲ್ಲಿದ್ದವರೇ ಆ ಸ್ಥಾನಕ್ಕೆ ಅರ್ಥ ಕಡಿಮೆ ಅಂದಾಗ ನಾವೂ ಸ್ವಲ್ಪ ಯೋಚಿಸಬೇಕಲ್ವಾ?

ಸಂಶೋಧನೆಯೇ ನಿಮ್ಮ ಆಸೆ ಆಗಿದ್ದರೆ ಮಾತು ಬೇರೆ. ಆಗ ಅನುದಾನ, ಲ್ಯಾಬ್, ಅಲ್ಲಿ ಕೆಲಸ ಮಾಡುವ ವಿಜ್ಞಾನಿಗಳು ನಿಮಗೆ ನಿಜವಾಗಿಯೂ ಮುಖ್ಯ. ಆದರೆ ಅಲ್ಲೂ ಕೇಳಬೇಕಾದ್ದು, ಓದುತ್ತಿರುವ ವಿದ್ಯಾರ್ಥಿಗೆ ಆ ಲ್ಯಾಬಿನೊಳಗೆ ಜಾಗ ಇದೆಯಾ, ಅದಕ್ಕೆ ಅಂತ ಸಮಯ ಬಿಡುತ್ತಾರಾ ಅನ್ನುವುದು.

ಡಿಗ್ರಿ ಬೇರೆ, ಲೈಸೆನ್ಸ್ ಬೇರೆ

ಆಸ್ಪತ್ರೆಯ ವಿಷಯಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ ಮುಗಿಸಿಬಿಡಬೇಕು. ಇದರಲ್ಲಿ ಕಾಲೇಜು ಫೇಲಾದರೆ ಮುಂದಿನದ್ದು ಓದುವ ಅಗತ್ಯವೇ ಇಲ್ಲ.

ಕಾಲೇಜು ಕೊಡುವುದು ಡಿಗ್ರಿ. ಡಾಕ್ಟರಾಗಿ ಕೆಲಸ ಮಾಡಲು ಬೇಕಾದ ಲೈಸೆನ್ಸ್ ಕೊಡುವುದು ಬೇರೆ ಸಂಸ್ಥೆ. ಬ್ರಿಟನ್‌ನಲ್ಲಿ ಅದು ಜನರಲ್ ಮೆಡಿಕಲ್ ಕೌನ್ಸಿಲ್. ಅಮೆರಿಕದಲ್ಲಿ ಒಂದೊಂದು ರಾಜ್ಯದ ಮಂಡಳಿ ಲೈಸೆನ್ಸ್ ಕೊಡುತ್ತದೆ, ಅಲ್ಲಿನ ಎಂಡಿ (ಅಲ್ಲಿ ಡಾಕ್ಟರಾಗುವ ಮೊದಲ ಡಿಗ್ರಿಯೇ ಇದು) ಕಾಲೇಜುಗಳಿಗೆ ಮಾನ್ಯತೆ ಕೊಡುವುದು ಎಲ್‌ಸಿಎಂಇ. ಭಾರತದಲ್ಲಿ 2020ರಿಂದ ಕಾಲೇಜುಗಳಿಗೆ ಅನುಮತಿ ಕೊಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ. ಹಾಗಾಗಿ ಮೂರು ಊರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಓದುವ ಜಾಗ, ಕೆಲಸ ಮಾಡುವ ಜಾಗ, ಮುಂದೆ ಸ್ಪೆಷಲಿಸ್ಟ್ ತರಬೇತಿ ಪಡೆಯುವ ಜಾಗ. ಮೂರೂ ಒಂದೇ ದೇಶದಲ್ಲಿದ್ದರೆ ಸುಲಭ. ಬೇರೆ ಬೇರೆ ಆದರೆ ಮೂರೂ ಕಡೆಯ ನಿಯಮವನ್ನು ನೀವೇ ಓದಬೇಕು. ಏಜೆಂಟ್ ಹೇಳಿದ್ದನ್ನು ನಂಬಬೇಡಿ. ಆ ದೇಶದ ವೈದ್ಯಕೀಯ ಮಂಡಳಿ ಪ್ರಕಟಿಸಿದ ನಿಯಮವನ್ನೇ ತೆರೆದು ಓದಿ.

ಎಷ್ಟು ಸಣ್ಣ ವಿಷಯಕ್ಕೆ ದಾರಿ ಮುಚ್ಚಬಹುದು ಅನ್ನುವುದಕ್ಕೆ ಭಾರತದ 2021ರ ನಿಯಮ ಒಂದು ಉದಾಹರಣೆ. ಹೊರದೇಶದಲ್ಲಿ ಓದಿ ಬಂದು ಭಾರತದಲ್ಲಿ ವೈದ್ಯರಾಗಬೇಕಾದರೆ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು. ಓದಿದ ದೇಶದಲ್ಲೂ ಅಲ್ಲಿನವರಂತೆಯೇ ವೈದ್ಯರಾಗಿ ನೋಂದಣಿ ಆಗುವ ಅರ್ಹತೆ ಸಿಗಬೇಕು. ಇದರಲ್ಲಿ ಒಂದು ತಪ್ಪಿದರೂ ಅಷ್ಟೂ ವರ್ಷದ ಓದು ಭಾರತದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಕಡೆ ಜನ ಮೋಸ ಹೋಗುವುದುಂಟು. ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್ ಅನ್ನುವ ಪಟ್ಟಿಯಲ್ಲಿ ಹೆಸರಿದೆ, ಆದ್ದರಿಂದ ನಮ್ಮ ಕಾಲೇಜಿಗೆ ಜಗತ್ತಿನ ಎಲ್ಲ ಕಡೆ ಮಾನ್ಯತೆ ಇದೆ ಅಂತ ಕೆಲವರು ಪ್ರಚಾರ ಮಾಡುತ್ತಾರೆ. ಆ ಪಟ್ಟಿಯಲ್ಲಿ ಇರುವುದು ಮಾನ್ಯತೆಯ ಗುರುತಲ್ಲ ಅಂತ ಆ ಪಟ್ಟಿಯವರೇ ಹೇಳುತ್ತಾರೆ. ಹೊರದೇಶದಲ್ಲಿ ಓದಿ ಅಮೆರಿಕದಲ್ಲಿ ರೆಸಿಡೆನ್ಸಿ (ಡಿಗ್ರಿಯ ನಂತರದ ತರಬೇತಿ) ಮಾಡಬೇಕೆನ್ನುವವರು ಆ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಕೆಳಗೆ, ಹೊರದೇಶದಲ್ಲಿ ಓದಿದ ವೈದ್ಯರ ಅರ್ಹತೆ ಪರಿಶೀಲಿಸುವ ಇಸಿಎಫ್‌ಎಂಜಿ ಸಂಸ್ಥೆಯ ಟಿಪ್ಪಣಿ ಇದೆಯಾ ನೋಡಬೇಕು. ಆ ಟಿಪ್ಪಣಿ ಯಾವ ವರ್ಷ ಪಾಸಾದವರಿಗೆ ಅನ್ವಯಿಸುತ್ತದೆ ಅನ್ನುವುದನ್ನೂ ನೋಡಬೇಕು. ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆಯನ್ನು ವರ್ಲ್ಡ್ ಫೆಡರೇಷನ್ ಫಾರ್ ಮೆಡಿಕಲ್ ಎಜುಕೇಷನ್ ಒಪ್ಪಿದೆಯಾ ಅಂತ ಕೇಳುವುದೂ ಒಳ್ಳೆಯದು. ಭಾರತದ ಆಯೋಗಕ್ಕೆ ಆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ.

ಹೊಸ ಕಾಲೇಜಾದರೆ ಮಾನ್ಯತೆ ಯಾವ ಹಂತದಲ್ಲಿದೆ ಕೇಳಿ. ಅಮೆರಿಕದಲ್ಲಿ ಪ್ರಾಥಮಿಕ, ತಾತ್ಕಾಲಿಕ, ಪೂರ್ಣ ಅಂತ ಹಂತಗಳಿವೆ. ಬೇರೆ ಕಡೆಯೂ ಹೊಸ ಕಾಲೇಜಿಗೆ ಒಂದೇ ಸಲಕ್ಕೆ ಪೂರ್ತಿ ಮಾನ್ಯತೆ ಸಿಗುವುದು ಕಡಿಮೆ. ಹೊಸದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಮೊದಲ ಬ್ಯಾಚಿನವರ ಮಾತಿಗೆ ಅಲ್ಲಿ ಬೆಲೆ ಜಾಸ್ತಿ ಇರುತ್ತದೆ, ಮೇಷ್ಟ್ರುಗಳಿಗೂ ಹುರುಪು ಇರುತ್ತದೆ. ಆದರೆ ನಾಳೆ ಮಾನ್ಯತೆ ಸಿಗದಿದ್ದರೆ ವಿದ್ಯಾರ್ಥಿಗಳನ್ನು ಎಲ್ಲಿಗೆ ಕಳಿಸುತ್ತೀರಿ ಅಂತ ಬರಹದಲ್ಲಿ ಉತ್ತರ ತೆಗೆದುಕೊಳ್ಳಬೇಕು.

ಆಸ್ಪತ್ರೆಯ ಒಳಗೆ

ಈಗ ಮುಖ್ಯ ವಿಷಯ. ಎಲ್ಲ ಕಾಲೇಜಿನ ಪ್ರಚಾರ ಪುಸ್ತಕದಲ್ಲೂ ಹಾಸಿಗೆಗಳ ಸಂಖ್ಯೆ ದೊಡ್ಡದಾಗಿ ಇರುತ್ತದೆ. ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಆ ಹಾಸಿಗೆಗಳಲ್ಲಿ ರೋಗಿಗಳು ಇದ್ದಾರಾ? ವರ್ಷವಿಡೀ ಸರಾಸರಿ ಎಷ್ಟು ತುಂಬಿರುತ್ತವೆ? ಓಪಿಡಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ? ಹೆರಿಗೆ ಎಷ್ಟಾಗುತ್ತದೆ, ಎಮರ್ಜೆನ್ಸಿಗೆ ರಾತ್ರಿ ಎಂಥ ಕೇಸು ಬರುತ್ತದೆ? ತಪಾಸಣೆಯ ದಿನಕ್ಕೆ ಮಾತ್ರ ವಾರ್ಡು ತುಂಬಿಸಿ ತೋರಿಸುವ ಸಾಧ್ಯತೆ ಇರುವುದರಿಂದಲೇ ಒಂದು ಮಾಮೂಲಿ ದಿನ, ಯಾರಿಗೂ ಹೇಳದೆ, ಓಪಿಡಿಯ ಸಾಲಿನಲ್ಲಿ ಒಂದು ಗಂಟೆ ಕೂತು ನೋಡುವುದು ಒಳ್ಳೆಯದು. ಆಸ್ಪತ್ರೆಯ ಓಪಿಡಿ ಸಾರ್ವಜನಿಕ ಜಾಗ. ಅಲ್ಲಿಗೆ ಹೋಗಲು ಕಾಲೇಜಿನ ಕ್ಯಾಂಪಸ್ ಟೂರ್ ಬೇಕಿಲ್ಲ.

ರೋಗಿಗಳು ಇದ್ದರೂ ಮುಂದಿನ ಪ್ರಶ್ನೆ ಇದೆ: ಆ ರೋಗಿಯ ಪಕ್ಕದಲ್ಲಿ ಎಷ್ಟು ಜನ ಕಲಿಯುವವರು ನಿಂತಿದ್ದಾರೆ? ಒಂದು ಹಾಸಿಗೆಯ ಸುತ್ತ ಪ್ರಾಧ್ಯಾಪಕರು, ಇಬ್ಬರು ಪಿಜಿಗಳು, ಇಂಟರ್ನ್‌ಗಳು, ಹದಿನೈದು ವಿದ್ಯಾರ್ಥಿಗಳು ನಿಂತರೆ ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ದೊಡ್ಡ ಹೆಸರಿನ ಆಸ್ಪತ್ರೆಗಳಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಪಿಜಿ, ಪಿಜಿ ಮುಗಿಸಿ ಮುಂದಿನ ತರಬೇತಿಯಲ್ಲಿರುವ ಫೆಲೋ ಅಂತ ತುಂಬ ಜನ ಇರುತ್ತಾರೆ. ಕೈ ಹಾಕಿ ಮಾಡುವ ಕೆಲಸವೆಲ್ಲ ಅವರ ಪಾಲಿಗೆ ಹೋಗುತ್ತದೆ. ಸಣ್ಣ ಜಿಲ್ಲಾ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಮಾಡಿದವರು ಹೊಲಿಗೆ ಹಾಕಿದ್ದು, ಹೆರಿಗೆ ಮಾಡಿಸಿದ್ದು, ರಾತ್ರಿ ಡ್ಯೂಟಿಯಲ್ಲಿ ಮೊದಲು ರೋಗಿಯನ್ನು ನೋಡಿದ್ದು ಜಾಸ್ತಿ ಇರುತ್ತದೆ.

ಯಾವ ಥರದ ರೋಗಿಗಳು ಬರುತ್ತಾರೆ ಅನ್ನುವುದು ಇದಕ್ಕಿಂತಲೂ ಮುಖ್ಯ. 1961ರಲ್ಲಿ ಅಮೆರಿಕದ ವೈದ್ಯ ಕೆರ್ ವೈಟ್ ಮತ್ತು ಅವರ ಜೊತೆಗಾರರು ಒಂದು ಲೆಕ್ಕ ಕೊಟ್ಟರು. 1000 ವಯಸ್ಕರನ್ನು ತೆಗೆದುಕೊಂಡರೆ ಒಂದು ತಿಂಗಳಲ್ಲಿ 750 ಜನಕ್ಕೆ ಏನಾದರೂ ಕಾಯಿಲೆಯೋ ಗಾಯವೋ ಆಗುತ್ತದೆ. ಅದರಲ್ಲಿ 250 ಜನ ಡಾಕ್ಟರ್ ಹತ್ತಿರ ಹೋಗುತ್ತಾರೆ. 9 ಜನ ಆಸ್ಪತ್ರೆಗೆ ದಾಖಲಾಗುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಗೆ ತಲುಪುವುದು ಒಬ್ಬರು. ಅದು ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಗಳಿಂದ ಮಾಡಿದ ಅಂದಾಜು. 2001ರಲ್ಲಿ ಅಮೆರಿಕದಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ದೊಡ್ಡ ಬೋಧನಾ ಆಸ್ಪತ್ರೆಯ ಪಾಲು ಒಬ್ಬರಿಗಿಂತ ಹೆಚ್ಚಾಗಲಿಲ್ಲ. ಅಂದರೆ ವಿದ್ಯಾರ್ಥಿ ಇಡೀ ಐದು ವರ್ಷ ಅಂಥ ಆಸ್ಪತ್ರೆಯಲ್ಲೇ ಕಳೆದರೆ, ಸಾವಿರದಲ್ಲಿ ಒಬ್ಬರನ್ನು ನೋಡಿ ಉಳಿದ 249 ಜನರಿಗೆ ಔಷಧಿ ಬರೆಯಲು ಹೊರಡುತ್ತಾನೆ. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ, ಬೆನ್ನುನೋವು, ಮನಸ್ಸಿನ ಬೇಸರ, ಇವು ಅವನ ಕಣ್ಣಿಗೆ ಸರಿಯಾಗಿ ಬಿದ್ದೇ ಇರುವುದಿಲ್ಲ. ಅಪರೂಪದ ಕಾಯಿಲೆಯ ಹೆಸರು ಮಾತ್ರ ನಾಲಿಗೆ ತುದಿಯಲ್ಲಿರುತ್ತದೆ.

ಆದ್ದರಿಂದ ಕಾಲೇಜಿನ ಮುಖ್ಯ ಆಸ್ಪತ್ರೆಯ ಜೊತೆಗೆ ಬೇರೆ ಯಾವ ಜಾಗಗಳಲ್ಲಿ ಪೋಸ್ಟಿಂಗ್ ಇದೆ ಕೇಳಿ. ಸಣ್ಣ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಒಬ್ಬ ಕುಟುಂಬ ವೈದ್ಯರ ಕ್ಲಿನಿಕ್ ಇದೆಯಾ? ಅಲ್ಲಿ ಎಷ್ಟು ವಾರ? ಅಲ್ಲಿಗೆ ಹೋಗಿ ಬರುವ ಖರ್ಚು, ಉಳಿಯುವ ಜಾಗ ಯಾರ ಹೊಣೆ? ದೂರದ ಆಸ್ಪತ್ರೆಗೆ ಹೋಗುವುದು ಮೊದಲಿಗೆ ಬೇಜಾರು ಅನಿಸಬಹುದು. ಆದರೆ ಕಲಿಯಲು ಅದೇ ಒಳ್ಳೆಯ ಜಾಗ ಆಗಿರುವುದು ಅಪರೂಪವೇನಲ್ಲ.

ಈ ದಾರಿಯಲ್ಲಿ ಇನ್ನೂ ಮುಂದೆ ಹೋದ ಕಾಲೇಜುಗಳಿವೆ. ಸಾಮಾನ್ಯವಾಗಿ ಮೆಡಿಸಿನ್ ಇಷ್ಟು ವಾರ, ಸರ್ಜರಿ ಇಷ್ಟು ವಾರ ಅಂತ ಪೋಸ್ಟಿಂಗ್ ತುಂಡು ತುಂಡಾಗಿರುತ್ತದೆ. ಗರ್ಭಿಣಿಯೊಬ್ಬಳನ್ನು ಇವತ್ತು ನೋಡಿದ ವಿದ್ಯಾರ್ಥಿ ಅವಳ ಹೆರಿಗೆಯ ಹೊತ್ತಿಗೆ ಮೂಳೆ ವಿಭಾಗದಲ್ಲಿರುತ್ತಾನೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1971ರಲ್ಲಿ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಒಂದೇ ಹಳ್ಳಿ ಕಡೆಯ ಊರಿನಲ್ಲಿ ಇಟ್ಟು ಕಲಿಸಲು ಶುರು ಮಾಡಿತು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ, ಹಾರ್ವರ್ಡ್ ತನ್ನ ಕೇಂಬ್ರಿಜ್ ಆಸ್ಪತ್ರೆಯಲ್ಲಿ 2004ರಲ್ಲಿ ಇಂಥದ್ದನ್ನೇ ಬೇರೆ ಬೇರೆ ರೂಪದಲ್ಲಿ ತಂದವು. ಅಲ್ಲಿ ವಿದ್ಯಾರ್ಥಿ ಅದೇ ರೋಗಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸುತ್ತಾನೆ. ಕಾಯಿಲೆ ಹೇಗೆ ಶುರುವಾಯಿತು, ಔಷಧಿ ಕೊಟ್ಟ ಮೇಲೆ ಏನಾಯಿತು ಅಂತ ಪೂರ್ತಿ ನೋಡುತ್ತಾನೆ. ನಿಮ್ಮ ಪಟ್ಟಿಯ ಕಾಲೇಜಿನಲ್ಲಿ ಇಂಥದ್ದು ಚಿಕ್ಕ ಮಟ್ಟದಲ್ಲಿ ಇದ್ದರೂ ಅದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಕೊನೆಗೆ, ವಾರ್ಡಿನಲ್ಲಿ ವಿದ್ಯಾರ್ಥಿ ಏನು ಮಾಡುತ್ತಾನೆ? 1893ರಲ್ಲಿ ಶುರುವಾದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವಿಲಿಯಂ ಓಸ್ಲರ್ ವಿದ್ಯಾರ್ಥಿಗಳನ್ನು ಲೆಕ್ಚರ್ ಹಾಲಿನಿಂದ ವಾರ್ಡಿಗೆ ಕರೆತಂದರು. ಒಬ್ಬೊಬ್ಬರಿಗೆ ಇಂತಿಷ್ಟು ರೋಗಿಗಳು ಅಂತ ಹೊಣೆ ಕೊಟ್ಟರು. ಕಾಯಿಲೆಯ ಹಿಸ್ಟರಿ ಕೇಳಿ ತೆಗೆಯುವುದು, ಪರೀಕ್ಷೆ ಮಾಡುವುದು, ಬರೆದಿಡುವುದು ವಿದ್ಯಾರ್ಥಿಯ ಕೆಲಸವಾಯಿತು. ನೂರು ವರ್ಷ ದಾಟಿದರೂ ಎಲ್ಲ ಕಡೆ ಇದು ಹೀಗೆ ನಡೆಯುತ್ತಿಲ್ಲ. ಕೆಲವು ಕಡೆ ವಿದ್ಯಾರ್ಥಿ ಬೆಳಿಗ್ಗೆ ರೌಂಡ್ಸ್ ಹಿಂದೆ ಸುಮ್ನೆ ನಡೆದು, ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು, ಮಧ್ಯಾಹ್ನ ಹಾಸ್ಟೆಲಿಗೆ ಹೋಗಿ ಪಿಜಿ ಪ್ರವೇಶ ಪರೀಕ್ಷೆಯ ವಿಡಿಯೊ ನೋಡುತ್ತಾನೆ. ಇದನ್ನು ಪತ್ತೆ ಹಚ್ಚಲು ಸೀನಿಯರ್ ಒಬ್ಬರನ್ನು ಹೀಗೆ ಕೇಳಿ: "ಹೋದ ವಾರ ನೀವೇ ಪೂರ್ತಿ ಪರೀಕ್ಷೆ ಮಾಡಿದ ರೋಗಿಗಳು ಎಷ್ಟು? ಅದನ್ನು ಯಾರಾದರೂ ಮೇಷ್ಟ್ರು ನಿಂತು ನೋಡಿದರಾ? ನೋಡಿ ಏನಾದರೂ ಹೇಳಿದರಾ?" ಮೂರನೆಯ ಪ್ರಶ್ನೆಗೆ ತಕ್ಷಣ ಒಂದು ಉದಾಹರಣೆ ಬಂದರೆ ಅದು ಒಳ್ಳೆಯ ಕಾಲೇಜು ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಗುರುತು.

ಪಾಠದ ವಿಧಾನ

ಪ್ರಾಬ್ಲಮ್ ಬೇಸ್ಡ್, ಇಂಟಿಗ್ರೇಟೆಡ್, ಕಾಂಪಿಟೆನ್ಸಿ ಬೇಸ್ಡ್ ಅಂತ ಪುಸ್ತಕಗಳಲ್ಲಿ ಹೆಸರುಗಳು ತುಂಬಿರುತ್ತವೆ. ಅನಾಟಮಿ ಬೇರೆ, ಫಿಸಿಯಾಲಜಿ ಬೇರೆ ಅನ್ನುವುದನ್ನು ಬಿಟ್ಟು ಹೃದಯ, ಶ್ವಾಸಕೋಶ ಅಂತ ಅಂಗಾಂಗದ ಪ್ರಕಾರ ಒಟ್ಟಿಗೆ ಕಲಿಸುವುದನ್ನು ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲೇ ಶುರು ಮಾಡಿತ್ತು. ರೋಗಿಯ ಒಂದು ಸಮಸ್ಯೆ ಕೊಟ್ಟು, ಚಿಕ್ಕ ಗುಂಪಿನಲ್ಲಿ ವಿದ್ಯಾರ್ಥಿಗಳೇ ಹುಡುಕಿ ಕಲಿಯುವ ವಿಧಾನವನ್ನು ಕೆನಡಾದ ಮ್ಯಾಕ್‌ಮಾಸ್ಟರ್ 1969ರಲ್ಲಿ ತಂದಿತು. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಅದನ್ನು ಮುಂದುವರಿಸಿತು. ಯಾವ ವಿಧಾನದಿಂದಲೂ ಒಳ್ಳೆಯ ಡಾಕ್ಟರ್‌ಗಳು ಬಂದಿದ್ದಾರೆ. ಹಾಗಾಗಿ ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕ ಗುಂಪು ಅಂದರೆ ಎಂಟು ಜನವಾ, ನಲವತ್ತು ಜನವಾ ಅಂತ ಕೇಳಿ. ಗುಂಪು ನಡೆಸುವವರು ಅದಕ್ಕೆ ತರಬೇತಿ ಪಡೆದವರಾ ಅಂತ ಕೇಳಿ. ಮತ್ತೆ ನಿಮ್ಮ ಸ್ವಭಾವ ನೋಡಿಕೊಳ್ಳಿ. ಯಾರಾದರೂ ಕ್ರಮವಾಗಿ ಹೇಳಿಕೊಟ್ಟರೆ ಚೆನ್ನಾಗಿ ಕಲಿಯುವವರಿಗೆ ಮೊದಲ ದಿನದಿಂದಲೇ ನೀವೇ ಹುಡುಕಿ ಅಂದರೆ ಒಂದು ವರ್ಷ ಕಂಗಾಲಾಗಬಹುದು.

ಡಿಸೆಕ್ಷನ್‌ಗೆ ದೇಹ ಇದೆಯಾ, ಇಲ್ಲ ಪರದೆಯ ಮೇಲೆ ತೋರಿಸುತ್ತಾರಾ ಅನ್ನುವ ಚರ್ಚೆ ತುಂಬ ನಡೆಯುತ್ತದೆ. ಇದ್ದರೆ ಒಳ್ಳೆಯದು. ಒಂದು ದೇಹಕ್ಕೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳಿ, ಮುಂದೆ ಹೋಗಿ.

ಪರೀಕ್ಷೆ ಹೇಗೆ ಮಾಡುತ್ತಾರೆ ಅನ್ನುವುದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ, ಏಕೆಂದರೆ ವಿದ್ಯಾರ್ಥಿಗಳು ಕಲಿಯುವುದು ಪರೀಕ್ಷೆಗೆ ತಕ್ಕಂತೆ. ಬರಹದ ಪರೀಕ್ಷೆ ಮಾತ್ರ ಲೆಕ್ಕಕ್ಕೆ ಬಂದರೆ ಯಾರೂ ವಾರ್ಡಿಗೆ ಹೋಗುವುದಿಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಓಎಸ್‌ಸಿಇ ಎಂಬ ಪರೀಕ್ಷೆಯನ್ನು ಮುಂದಿಟ್ಟರು. ವಿದ್ಯಾರ್ಥಿ ಒಂದೊಂದು ನಿಲ್ದಾಣಕ್ಕೆ ಹೋಗಿ ಅಲ್ಲಿ ಕೊಟ್ಟ ಕೆಲಸ ಮಾಡಬೇಕು: ಒಂದು ಕಡೆ ಹೊಟ್ಟೆ ಪರೀಕ್ಷೆ, ಇನ್ನೊಂದು ಕಡೆ ಕೆಟ್ಟ ಸುದ್ದಿ ಹೇಳುವುದು. ಎಲ್ಲರಿಗೂ ಒಂದೇ ಕೆಲಸ, ಒಂದೇ ಅಳತೆ. ಇವತ್ತು ಜಗತ್ತಿನ ಬಹಳಷ್ಟು ಕಡೆ ಇದು ಇದೆ. ವರ್ಷದ ಕೊನೆಗೆ ಒಂದು ಸಲ ಮಾತ್ರ ಮಾಡುತ್ತಾರಾ, ನಡುವೆ ಅಭ್ಯಾಸಕ್ಕೂ ಮಾಡಿ ಎಲ್ಲಿ ತಪ್ಪಿದಿರಿ ಅಂತ ಹೇಳುತ್ತಾರಾ ಅನ್ನುವುದನ್ನು ಕೇಳಿ. ಮೊದಲ ವರ್ಷಗಳಲ್ಲಿ ರ್‍ಯಾಂಕ್ ಕೊಡದೆ ಪಾಸು, ಫೇಲು ಅಷ್ಟೇ ಹೇಳುವ ಕಾಲೇಜುಗಳೂ ಇವೆ. ಅಲ್ಲಿ ವಿದ್ಯಾರ್ಥಿಗಳ ಒತ್ತಡ ಕಡಿಮೆ ಇರುತ್ತದೆ, ನೋಟ್ಸು ಹಂಚಿಕೊಳ್ಳುತ್ತಾರೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತವೇ 2022ರ ಜನವರಿಯಿಂದ ಪಾಸು-ಫೇಲು ಆಗಿದೆ.

ನೂರಕ್ಕೆ ತೊಂಬತ್ತೆಂಟು ಪಾಸು ಅಂದರೆ?

ಕಾಲೇಜುಗಳು ಹೇಳುವ ಅಂಕಿಗಳಲ್ಲಿ ಸುಳ್ಳು ಇರಬೇಕೆಂದಿಲ್ಲ. ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರು ಅನ್ನುವುದರಲ್ಲೇ ಎಲ್ಲ ಇರುತ್ತದೆ. ಒಂದು ಕಾಲೇಜಿಗೆ 100 ಜನ ಸೇರಿದರು ಅಂದುಕೊಳ್ಳಿ. ಮೊದಲೆರಡು ವರ್ಷದಲ್ಲಿ 30 ಜನ ಬಿಟ್ಟುಹೋದರು. ಉಳಿದ 70ರಲ್ಲಿ ಒಳಗಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದ 20 ಜನರನ್ನು ಲೈಸೆನ್ಸ್ ಪರೀಕ್ಷೆಗೆ ಕೂರಿಸಲಿಲ್ಲ. ಕೂತ 50ರಲ್ಲಿ 49 ಪಾಸು. ಫಲಿತಾಂಶ ಶೇಕಡಾ 98 ಅಂತ ದೊಡ್ಡ ಅಕ್ಷರದಲ್ಲಿ ಬರೆಯಬಹುದು, ಅದು ನಿಜವೂ ಹೌದು. ಆದರೆ ಸೇರಿದ ದಿನ ನಿಮ್ಮ ಪಾಲಿಗಿದ್ದ ಅವಕಾಶ ಅರ್ಧದಷ್ಟು ಮಾತ್ರ.

ಹಾಗಾಗಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಇಂಥ ವರ್ಷ ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು, ಉಳಿದವರು ಏನಾದರು? ಇದೇ ಪ್ರಶ್ನೆ ಮುಂದಿನ ತರಬೇತಿಯ ಅಂಕಿಗೂ ಬೇಕು. ಎಲ್ಲರಿಗೂ ರೆಸಿಡೆನ್ಸಿ ಸಿಕ್ಕಿದೆ ಅಂದರೆ ಅದರಲ್ಲಿ ಒಂದೇ ವರ್ಷದ ತಾತ್ಕಾಲಿಕ ಜಾಗಗಳೂ ಸೇರಿವೆಯಾ ಕೇಳಿ. ಹಿಂದುಳಿದ ವಿದ್ಯಾರ್ಥಿಗೆ ಕಾಲೇಜು ಏನು ಮಾಡುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಅವನನ್ನು ಲೆಕ್ಕದಿಂದ ತೆಗೆಯುವ ಕಾಲೇಜೂ ಇದೆ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಕಾಲೇಜೂ ಇದೆ. ಸೇರುವಾಗ ಎಲ್ಲರಿಗೂ ತಾನು ಮುಂದಿನ ಸಾಲಿನವನು ಅನ್ನುವ ನಂಬಿಕೆ ಇರುತ್ತದೆ. ಆದರೆ ಒಂದು ಕಾಯಿಲೆ, ಮನೆಯಲ್ಲಿ ಒಂದು ಸಾವು ಸಾಕು, ಯಾರಾದರೂ ಹಿಂದೆ ಬೀಳಲು.

ಅಲ್ಲಿ ಬದುಕುವುದು ಹೇಗೆ

ಈ ಭಾಗವನ್ನು ಅಪ್ಪ ಅಮ್ಮಂದಿರೂ ಓದಲಿ ಅಂತ ನನ್ನ ಆಸೆ. 2016ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ 43 ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಲೇಖನ ಬಂತು. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇಕಡಾ 27.2 ಜನರಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಶೇಕಡಾ 11.1 ಜನರಿಗೆ ಸಾಯುವ ಯೋಚನೆ ಬಂದಿತ್ತು. ಅಂದರೆ ಖಿನ್ನತೆಯ ಲಕ್ಷಣ ಇದ್ದದ್ದು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ. ಒಂದೆರಡು ಕಾಲೇಜಿನ ತೊಂದರೆ ಇದಲ್ಲ. ಹಾಗಾಗಿ ಒತ್ತಡ ಇದೆಯಾ ಅಂತ ಕೇಳುವುದರಲ್ಲಿ ಅರ್ಥ ಇಲ್ಲ. ಒತ್ತಡ ಬಂದಾಗ ಏನಾಗುತ್ತದೆ ಅಂತ ಕೇಳಬೇಕು. ಕೌನ್ಸೆಲರ್ ಇದ್ದಾರಾ? ಅವರ ಹತ್ತಿರ ಹೋದದ್ದು ಮಾರ್ಕ್ಸ್ ಕೊಡುವ ಮೇಷ್ಟ್ರಿಗೆ ಗೊತ್ತಾಗುತ್ತದಾ? ಒಂದು ಸೆಮಿಸ್ಟರ್ ರಜೆ ಹಾಕಿ ವಾಪಸ್ ಬಂದವರು ಯಾರಾದರೂ ಇದ್ದಾರಾ? ವಾಪಸ್ ಬಂದವರು ಇದ್ದಾರೆ, ಅವರ ಬಗ್ಗೆ ಮಾತಾಡಲು ಯಾರಿಗೂ ಮುಜುಗರ ಇಲ್ಲ ಅಂದರೆ ಅದು ಬಹಳ ಒಳ್ಳೆಯ ಲಕ್ಷಣ.

ವಾರ್ಡಿನಲ್ಲಿ ಹಿರಿಯರು ಕಿರಿಯರ ಜೊತೆ, ನರ್ಸುಗಳ ಜೊತೆ, ಬಡ ರೋಗಿಯ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದೂ ಪಾಠವೇ. ಅದು ಯಾವ ಪಠ್ಯದಲ್ಲೂ ಇರುವುದಿಲ್ಲ, ಆದರೆ ವಿದ್ಯಾರ್ಥಿ ಅದನ್ನೇ ಬೇಗ ಕಲಿಯುತ್ತಾನೆ. ಅಮೆರಿಕದ ಒಂದು ಕಾಲೇಜಿನ ವಿದ್ಯಾರ್ಥಿಗಳನ್ನು ವರ್ಷವರ್ಷವೂ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಯ ಬಗೆಗಿನ ಅನುಕಂಪ ಎದ್ದು ಕಾಣುವಂತೆ ಇಳಿದದ್ದು ಮೂರನೇ ವರ್ಷದಲ್ಲಿ. ಅದೂ ವಾರ್ಡಿಗೆ ಕಾಲಿಟ್ಟ ವರ್ಷ! ಹಾಗಾಗಿ ಓಪಿಡಿಯಲ್ಲಿ ಕೂತಾಗ ಕಿವಿ ತೆರೆದಿಡಿ. ರೋಗಿಯ ಹೆಸರು ಕೇಳುತ್ತಾರಾ, ಪರದೆ ಎಳೆಯುತ್ತಾರಾ, ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿಯನ್ನು ಎಲ್ಲರ ಮುಂದೆ ಬೈಯುತ್ತಾರಾ, ಎಲ್ಲ ಗೊತ್ತಾಗುತ್ತದೆ.

ಮಾಹಿತಿಗೆ ವಿದ್ಯಾರ್ಥಿಗಳನ್ನು ಮಾತಾಡಿಸುವಾಗ ಕಾಲೇಜು ತೋರಿಸಲು ಕಳಿಸಿದ ಮೊದಲ ವರ್ಷದವರನ್ನು ಬಿಟ್ಟು, ಕೊನೆಯ ವರ್ಷದವರನ್ನು, ಇಂಟರ್ನ್‌ಗಳನ್ನು ಹುಡುಕಿ. ಮೊದಲ ವರ್ಷದವರಿಗೆ ಸೀಟು ಸಿಕ್ಕಿದ ಖುಷಿ ಇನ್ನೂ ಇರುತ್ತದೆ. ವಾರ್ಡ್ ಅವರು ನೋಡಿಯೇ ಇರುವುದಿಲ್ಲ. ಒಬ್ಬರ ಮಾತನ್ನೇ ನಂಬಬೇಡಿ, ನಾಲ್ಕೈದು ಜನರನ್ನು ಬೇರೆ ಬೇರೆಯಾಗಿ ಕೇಳಿ. ಬೇರೆ ಬೇರೆಯವರು ಒಂದೇ ದೂರು ಹೇಳಿದರೆ ಅದಕ್ಕೆ ತೂಕ ಕೊಡಿ.

ದುಡ್ಡು ಮತ್ತು ಗುರಿ

ಮೊದಲ ವರ್ಷದ ಫೀಸಿಗೆ ನಿಲ್ಲಬೇಡಿ. ಕೋರ್ಸು ಮುಗಿಯುವವರೆಗಿನ ಒಟ್ಟು ಖರ್ಚು ಬರೆದುಕೊಳ್ಳಿ: ಪ್ರತಿ ವರ್ಷ ಫೀಸು ಏರುತ್ತದಾ, ಹಾಸ್ಟೆಲ್, ಪರೀಕ್ಷಾ ಶುಲ್ಕ, ದೂರದ ಪೋಸ್ಟಿಂಗ್, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಕೊಡುತ್ತಾರಾ, ಮುಗಿದ ಮೇಲೆ ಕಡ್ಡಾಯ ಸೇವೆಯ ಬಾಂಡ್ ಇದೆಯಾ. ದೊಡ್ಡ ಸಾಲ ತಲೆಯ ಮೇಲಿದ್ದರೆ ಯಾವ ಊರಿನಲ್ಲಿ, ಯಾವ ವಿಭಾಗದಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ಸಾಲವೇ ತೀರ್ಮಾನ ಮಾಡಿಬಿಡುವ ಅಪಾಯ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯ 2018ರಲ್ಲಿ ತನ್ನ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳ ಬೋಧನಾ ಶುಲ್ಕ ತೆಗೆದದ್ದು, 2024ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 100 ಕೋಟಿ ಡಾಲರ್ ದಾನ ಪಡೆದು ಅದೇ ದಾರಿ ಹಿಡಿದದ್ದು ಈ ಚಿಂತೆಯಿಂದಲೇ. ಸಮಾನವಾಗಿ ಒಳ್ಳೆಯ ಎರಡು ಕಾಲೇಜುಗಳಿದ್ದರೆ ಕಡಿಮೆ ಖರ್ಚಿನದ್ದನ್ನು ಆರಿಸಲು ಹಿಂಜರಿಯಬೇಡಿ.

ಕಾಲೇಜು ಯಾರಿಗಾಗಿ ಡಾಕ್ಟರ್‌ಗಳನ್ನು ತಯಾರು ಮಾಡುತ್ತಿದೆ ಅನ್ನುವುದೂ ನೋಡುವಂಥದ್ದು. ಇಲ್ಲಿ ಫ್ಲೆಕ್ಸ್‌ನರ್ ವರದಿಗೂ ಒಂದು ಕಪ್ಪು ಕಲೆ ಇದೆ. ಆಗ ಅಮೆರಿಕದಲ್ಲಿ ಕಪ್ಪು ಜನರಿಗಾಗಿ ಏಳು ವೈದ್ಯಕೀಯ ಕಾಲೇಜುಗಳಿದ್ದವು. ವರದಿ ಬಂದ ನಂತರದ ವರ್ಷಗಳಲ್ಲಿ ಹೋವರ್ಡ್ ಮತ್ತು ಮೆಹ್ಯಾರಿ ಎರಡು ಮಾತ್ರ ಉಳಿದವು. ಬೇರೆ ಕಾಲೇಜುಗಳು ಬಾಗಿಲು ಮುಚ್ಚಿಕೊಂಡಿದ್ದ ಆ ಕಾಲದಲ್ಲಿ ಒಂದು ಸಮುದಾಯಕ್ಕೆ ವೈದ್ಯರನ್ನು ಕೊಡುತ್ತಿದ್ದ ದಾರಿಯೇ ಕಿರಿದಾಯಿತು. ಲ್ಯಾಬು, ಹಣ ಎರಡನ್ನೇ ನೋಡಿದರೆ ಕಾಣದ ಸಂಗತಿ ಇದು. ಇವತ್ತು ಉದ್ದೇಶವನ್ನೇ ಮುಂದಿಟ್ಟುಕೊಂಡು ಹುಟ್ಟಿದ ಕಾಲೇಜುಗಳಿವೆ. ಫಿಲಿಪೀನ್ಸ್‌ನ ಜಾಂಬೊಆಂಗಾದಲ್ಲಿ 1994ರಲ್ಲಿ ಶುರುವಾದ ಕಾಲೇಜು, ಕೆನಡಾದ ಉತ್ತರ ಒಂಟಾರಿಯೊದಲ್ಲಿ 2005ರಲ್ಲಿ ತೆರೆದ ಕಾಲೇಜು, ಎರಡೂ ಡಾಕ್ಟರ್‌ಗಳ ಕೊರತೆ ಇದ್ದ ತಮ್ಮ ಪ್ರದೇಶಕ್ಕೆ ಅಂತಲೇ ಹುಟ್ಟಿದವು. ಹಳ್ಳಿ ಕಡೆ ಕೆಲಸ ಮಾಡಬೇಕು ಅನ್ನುವ ಮನಸ್ಸಿದ್ದವರಿಗೆ ಅಂಥ ಕಡೆ ಸಿಗುವ ಗುರುಗಳು, ಗೆಳೆಯರು ರ್‍ಯಾಂಕಿಂಗ್‌ನ ಮೊದಲ ಹತ್ತರಲ್ಲಿ ಸಿಗಲಾರರು. ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ. ಪ್ರಸಿದ್ಧರಾದ ಇಬ್ಬರ ಹೆಸರು ಹೇಳಿ ಸುಮ್ಮನಾದರೆ ಸಾಲದು, ಒಂದು ಇಡೀ ಬ್ಯಾಚಿನ ಕತೆ ಬೇಕು.

ದೂರದ ಊರಾಗಿ ಹೋಗಿ ನೋಡಲು ಆಗದಿದ್ದರೆ ಪ್ರಶ್ನೆಗಳನ್ನು ಬರೆದು ಕಳಿಸಿ. ಹತ್ತು ಸಾಕು. ಹಾಸಿಗೆ ಎಷ್ಟು ತುಂಬಿರುತ್ತದೆ, ವಾರ್ಡಿನ ಗುಂಪಿನಲ್ಲಿ ಎಷ್ಟು ಜನ, ಸೇರಿದವರಲ್ಲಿ ಮುಗಿಸಿದವರೆಷ್ಟು, ಇಂಟರ್ನ್‌ಶಿಪ್ ಎಲ್ಲಿ, ಮಾನ್ಯತೆ ಯಾವ ವರ್ಷದವರೆಗೆ, ಹೀಗೆ. ಒಂದೇ ಪತ್ರವನ್ನು ಪಟ್ಟಿಯ ಎಲ್ಲ ಕಾಲೇಜುಗಳಿಗೂ ಕಳಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿ. ಕೆಲವರು ಅಂಕಿ ಕೊಡುತ್ತಾರೆ. ಕೆಲವರು ಕೊಡಲು ಆಗದ್ದಕ್ಕೆ ಕಾರಣ ಹೇಳುತ್ತಾರೆ. ಕೆಲವರು ಬಣ್ಣದ ಪುಸ್ತಕ ಕಳಿಸಿ ಸೀಟು ಬೇಗ ಕಾಯ್ದಿರಿಸಿ ಅನ್ನುತ್ತಾರೆ. ಆ ಮೂರನೆಯವರನ್ನು ಪಟ್ಟಿಯಿಂದ ತೆಗೆದು, ಉಳಿದವುಗಳ ಇಂಟರ್ನ್‌ಗಳಿಗೆ ಫೋನ್ ಮಾಡಲು ಶುರು ಮಾಡಿ.